ಬರಿ ಕರಡಿಗೆ

ಗುಂಡ್ಲುಪೇಟೆ
೧೬ ಜೂನ್ ೧೯೫೫

ಮುದ್ದು ಮರೀ,

ನಿನ್ನ ಕಾರ್ಡು ನಿನ್ನೆ ತಲುಪಿತು. ಚಾಮರಾಜನಗರದ ಹೆಣ್ಣುಮಕ್ಕಳ ಸ್ಕೂಲಿಗೆ ಆರ್ಡರ್ ಆಯಿತೆಂದು ಓದಿ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. "ಏನಾಯ್ತಮ್ಮಿ ನಿಂಗೆ?" ಅಂತ ಅಮ್ಮ ಸೌಟು ಹಿಡಿದುಕೊಂಡು ಬಂದಳು. ಮೈಸೂರಿನಲ್ಲಿ ನಮ್ಮ ಜೊತೆ ಟ್ರೈನಿಂಗ್ ಮುಗಿಸಿದವರಲ್ಲಿ ಮೊದಲು ಟೀಚರಮ್ಮ ಆದವಳು ನೀನು. ನಾನು ಇಲ್ಲಿ ಅಪ್ಪನ ಬೆಲ್ಲದ ಮಂಡಿಯ ಮೇಲಿನ ಮನೆಯಲ್ಲಿ ಬಂದ ಬಂದ ವರಗಳಿಗೆಲ್ಲ ಉಪ್ಪಿಟ್ಟು ಕೊಡುತ್ತ ಕೂತಿದ್ದೇನೆ.

ಆದರೆ ಕಾರ್ಡಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿದ್ದೀಯಲ್ಲ, ಮೂರು ಮನೆಯವರು ಜಾತಿ ಕೇಳಿ ಬಾಗಿಲು ಹಾಕಿಕೊಂಡರು, ಸ್ಕೂಲಿನಲ್ಲಿ ನಕ್ಷೆಗಳನ್ನು ಇಡುವ ಕೋಣೆಯಲ್ಲಿ ಮಲಗುತ್ತಿದ್ದೇನೆ ಎಂದು, ಅದನ್ನು ಓದಿ ಆ ಮೂರು ಮನೆಯವರನ್ನೂ ಬೈದುಕೊಂಡೆ. ಹರಿಜನರ ಹುಡುಗಿ ಎಂದರೆ ಬಾಡಿಗೆಗೂ ಆಗುವುದಿಲ್ಲವೇ? ಹಾಸ್ಟೆಲಿನಲ್ಲಿ ನಾನು ನೀನು ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿನ್ನಲಿಲ್ಲವೇ? ನನಗೇನು ಕೊಂಬು ಬಂತೆ?

ಬೈದುಕೊಂಡು ಕೂತರೆ ಮನೆ ಸಿಗುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಅಮ್ಮನ ಅಕ್ಕ ಶಾಂತಮಲ್ಲಮ್ಮ ದೊಡ್ಡಮ್ಮ ಅದೇ ಊರಲ್ಲಿದ್ದಾಳೆ. ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಕೋಣೆ ಖಾಲಿ ಇದೆ. "ನನ್ನ ಗೆಳತಿ, ನಮ್ಮವಳೇ" ಎಂದು ಬರೆದುಬಿಟ್ಟೆ. ದೊಡ್ಡಮ್ಮ ಮೊದಲು ನೋಡುವುದು ಕೊರಳನ್ನು. ಆದ್ದರಿಂದ ಬಸ್ಸಿನ ಕಂಡಕ್ಟರ್ ನಂಜುಂಡಪ್ಪನ ಕೈಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿ ಒಂದು ಬೆಳ್ಳಿಯ ಕರಡಿಗೆ ಇದೆ, ನಾವು ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತೇವಲ್ಲ ಅದು. ಶಿವದಾರವನ್ನೂ ಪೋಣಿಸಿದ್ದೇನೆ.

ಒಳಗೆ ಏನೂ ಇಲ್ಲ, ಮರಿ. ಬೇಜಾರು ಮಾಡಿಕೊಳ್ಳಬೇಡ. ಲಿಂಗ ಗುರುವಿನ ಕೈಯಿಂದ ಬರಬೇಕು, ನಾನು ಕೊಡುವ ಹಾಗಿಲ್ಲ. ಮುಚ್ಚಳ ತೆಗೆದು ಯಾರು ನೋಡುತ್ತಾರೆ? ದೊಡ್ಡಮ್ಮ ಪೂಜೆಗೆ ಕೂತಾಗ ನೀನೂ ಗೋಡೆಗೆ ಮುಖಮಾಡಿ ಕೂತು ಎಡ ಅಂಗೈ ನೋಡುತ್ತಿರು, ಅಷ್ಟೇ. ಹಾಸ್ಟೆಲಿನಲ್ಲಿ ನನ್ನನ್ನು ಅಣಕಿಸುತ್ತ ಎಷ್ಟು ಸಲ ಹಾಗೆ ಕೂತಿಲ್ಲ ನೀನು!

ನಿನ್ನ
ಗಂಗೆ


ಚಾಮರಾಜನಗರ
೧೦ ಜುಲೈ ೧೯೫೫

ಪ್ರೀತಿಯ ಗಂಗಾ,

ದೊಡ್ಡಮ್ಮನ ಮನೆ ಸೇರಿದೆ. ಹಿತ್ತಿಲ ಕಡೆಯ ಕೋಣೆ, ಗಾಳಿ ಬೆಳಕು ಚೆನ್ನಾಗಿದೆ. ಮೊದಲ ದಿನವೇ "ಯಾವ ಗುರುಮನೆಯವರವ್ವ ನೀವು?" ಎಂದು ಕೇಳಿದರು. ನೀನು ಹೇಳಿಕೊಟ್ಟಿದ್ದನ್ನು ಒಪ್ಪಿಸಿದೆ. "ಬುಡು, ಕೂಸು ನಾಚ್ಕತದೆ" ಎಂದು ಅವರೇ ನಕ್ಕು ರೊಟ್ಟಿ ಬಡಿಸಿದರು.

ಅವರಿಗೆ ಓದು ಬರುವುದಿಲ್ಲ ಎಂದು ನೀನು ಹೇಳಿರಲಿಲ್ಲ. ಕಾಗದ ಬಂದರೆ ಎದುರುಮನೆಯ ಹುಡುಗನನ್ನು ಕಾಡುತ್ತಿದ್ದರಂತೆ, ಅವನು ಅರ್ಧ ನುಂಗಿ ಅರ್ಧ ಓದುತ್ತಿದ್ದನಂತೆ. ಈಗ ಎಲ್ಲ ಕಾಗದ ನನ್ನ ಪಾಲಿಗೆ. ನಿಮ್ಮಮ್ಮ ಬರೆದಿದ್ದನ್ನೂ ನಾನೇ ಓದಿದೆ. ನಿನಗೆ ಬಂದು ಹೋದ ವರನ ಹಲ್ಲಿನ ವರ್ಣನೆ ಓದುವಾಗ ನಗು ತಡೆಯಲು ಆಗಲಿಲ್ಲ. "ಇನ್ನೊಂದ್ಸಲ ಓದವ್ವ" ಎಂದರು. ಮೂರು ಸಲ ಓದಿಸಿದರು.

ಹೆಡ್‌ಮಿಸ್ಟ್ರೆಸ್ ಅಮ್ಮನಿಗೆ ನನ್ನ ವಿಷಯ ಗೊತ್ತು, ಸರ್ವಿಸ್ ರಿಜಿಸ್ಟರಿನಲ್ಲಿ ಬರೆದಿರುತ್ತದಲ್ಲ. ಕರಡಿಗೆ ನೋಡಿ, "ಒಳ್ಳೇದೇ ಆಯ್ತು. ರಿಜಿಸ್ಟರಲ್ಲಿರೋದು ರಿಜಿಸ್ಟರಲ್ಲೇ ಇರಲಿ" ಎಂದರು. ಅಸ್ಪೃಶ್ಯತೆ ಅಪರಾಧವೆಂದು ಹೊಸ ಕಾನೂನು ಬಂದಿದೆಯಲ್ಲ ಅಮ್ಮ ಎಂದೆ. "ಕಾನೂನು ದಿಲ್ಲೀಲಿ ಬಂದಿದೆ, ನಾವು ಚಾಮರಾಜನಗರದಲ್ಲಿದೀವಿ" ಎಂದರು.

ಕಳೆದ ಭಾನುವಾರ ಅವ್ವ ಪುಣಜನೂರಿನಿಂದ ಬಂದಿದ್ದಳು, ಜೇನು ತುಂಬಿದ ಸೀಸೆ ಹಿಡಿದುಕೊಂಡು. ಬಸ್‌ಸ್ಟ್ಯಾಂಡಿನಲ್ಲೇ ಮಾತಾಡಿಸಿ ಕಳಿಸಿದೆ. ಮನೆ ತೋರಿಸು ಎಂದಳು. ಇನ್ನೊಂದು ಸಲ ಎಂದೆ. ಬಿಸಿಲು ಜಾಸ್ತಿ ಇತ್ತು.

ಕರಡಿಗೆ ಬಹಳ ಹಗುರ. ಕಟ್ಟಿಕೊಂಡಿದ್ದೇನೆಂದೇ ಮರೆತುಹೋಗುತ್ತದೆ. ನವೆಂಬರಿನಲ್ಲಿ ಇನ್ಸ್‌ಪೆಕ್ಟ್ರೆಸ್ ಬರುತ್ತಾರೆ. ಹದಿನಾರು ಹುಡುಗಿಯರಿಗೆ ಕೋಲಾಟ ಕಲಿಸುವ ಕೆಲಸ ನನಗೆ ಬಿದ್ದಿದೆ.

ನಿನ್ನ
ಮರಿ


ಗುಂಡ್ಲುಪೇಟೆ
೨೮ ಆಗಸ್ಟ್ ೧೯೫೫

ಮರೀ,

ನಿನ್ನ ಕಾಗದ ಓದಿ ನಿರಾಳವಾಯಿತು. ದೊಡ್ಡಮ್ಮ ಅಮ್ಮನಿಗೆ ಬರೆಸಿದ್ದಾಳೆ, ಬರೆದವಳೂ ನೀನೇ ತಾನೆ, "ಇಂಥ ಭಕ್ತಿ ಇರೋ ಹುಡುಗಿ ನಾ ನೋಡ್ಲಿಲ್ಲ" ಎಂದು! ನಿನ್ನ ಹೊಗಳಿಕೆಯನ್ನು ನಿನ್ನ ಕೈಯಲ್ಲೇ ಬರೆಯುವಾಗ ಮುಖ ಹೇಗಿತ್ತೋ ನೆನೆದು ನೆನೆದು ನಕ್ಕೆ. ಅವ್ವನ ಜೇನು ಎಲ್ಲ ನೀನೇ ನೆಕ್ಕಿದೆಯಾ? ನನಗೆ ಒಂದು ಸೀಸೆ ಬೇಕು.

ಈಗ ಗುಟ್ಟಿನ ಸುದ್ದಿ. ಬದನಗುಪ್ಪೆಯಿಂದ ಒಂದು ಸಂಬಂಧ ಬಂದಿದೆ. ಹೆಸರು ಶಿವಮಲ್ಲಪ್ಪ, ಬಿ.ಎ. ಓದಿದ್ದಾರೆ, ತೋಟ ಗದ್ದೆ ಇದೆ. ಹಲ್ಲು ಚೆನ್ನಾಗಿದೆ. ಅವರ ಮನೆಯವರಿಗೆ ಆಚಾರ ಒಂದು ತೂಕ ಹೆಚ್ಚು. ನಿಮ್ಮೂರಿನ ಮಠದ ಗುರುಪಾದಸ್ವಾಮಿಗಳೇ ಮಾತುಕತೆ ನಡೆಸಿದ್ದಾರೆ. ಎಲ್ಲ ಸುಸೂತ್ರವಾದರೆ ಫೆಬ್ರವರಿಯಲ್ಲಿ ಮದುವೆ. ನೀನು ಮುಂದಿನ ಸಾಲಿನಲ್ಲಿ ಕೂರಬೇಕು.

ಗಂಗೆ


ಚಾಮರಾಜನಗರ
೨ ಅಕ್ಟೋಬರ್ ೧೯೫೫

ಗಂಗಾ,

ನಿನ್ನ ಸಂಬಂಧದ ವಿಷಯ ತಿಳಿದು ಸಂತೋಷವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಬರೆಯಲು ಮನಸ್ಸು ಬರುತ್ತಿರಲಿಲ್ಲ.

ನನ್ನ ಕೋಲಾಟದ ಹುಡುಗಿಯರಲ್ಲಿ ಪುಟ್ಟಸಿದ್ದಮ್ಮ ಎಂಬವಳಿದ್ದಾಳೆ. ಹತ್ತು ವರ್ಷ. ನಮ್ಮ ಕೇರಿಯಂಥದೇ ಕೇರಿಯವಳು, ಅವಳ ಅಪ್ಪ ದೊಡ್ಡಮಾದಯ್ಯ ತಮಟೆ ಹೊಡೆಯುತ್ತಾನೆ. ಕೋಲು ಹಿಡಿದರೆ ಅವಳ ಕಾಲು ತಾನಾಗಿ ಎದ್ದು ಬೀಳುತ್ತದೆ. ನಾನು ಲೆಕ್ಕ ತಪ್ಪಿದರೂ ಅವಳು ತಪ್ಪುವುದಿಲ್ಲ. ಅವಳನ್ನು ಮುಂದೆ ನಿಲ್ಲಿಸಿದ್ದೆ.

ಕೋಲಾಟದಲ್ಲಿ ಸುತ್ತಿಗೊಮ್ಮೆ ಜೋಡಿ ಬದಲಾಗಬೇಕು. ಎಲ್ಲರ ಕೋಲೂ ಎಲ್ಲರ ಕೋಲಿಗೆ ತಾಗಬೇಕು. ಇಬ್ಬರು ತಾಯಂದಿರು ಬಂದು, ಅವಳ ಕೋಲು ತಾಗಿದರೆ ನಮ್ಮ ಮಕ್ಕಳು ಸ್ನಾನ ಮಾಡಿಯೇ ಒಳಗೆ ಬರಬೇಕು ಎಂದರು. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, "ಅವಳನ್ನ ಬಿಟ್ಬಿಡಿ. ಕಾರಣ ನೀವೇ ಏನಾದ್ರೂ ಹೇಳಿ" ಎಂದರು. ಹೇಳುವಾಗ ಅವರ ಕಣ್ಣು ನನ್ನ ಕೊರಳ ಮೇಲಿತ್ತು.

ನಾನು ಪುಟ್ಟಸಿದ್ದಿಯನ್ನು ಕರೆದು, ನಿನಗೆ ತಾಳ ಬರಲ್ಲ ಎಂದೆ.

ಅವಳು "ಆಯ್ತು ಮಿಸ್" ಎಂದು ಕೋಲು ಕೆಳಗಿಟ್ಟು ಹೋದಳು. ಮಾರನೆಯ ದಿನ ದೊಡ್ಡಮಾದಯ್ಯ ಕಾಂಪೌಂಡಿನ ಆಚೆ ಬಂದು ನಿಂತಿದ್ದ. ಜಗಳಕ್ಕೆ ಬಂದನೆಂದುಕೊಂಡೆ. ಕೈ ಮುಗಿದು, "ಕೂಸ್ಗೆ ತಾಳ ಬರದಿಲ್ಲ ಅಂದ್ರಂತಲ್ಲವ್ವಾ. ಎಲ್ಲಿ ತಪ್ತದೆ ಅಂತ ಯೋಳಿ, ಮನೇಲಿ ನಾನೇ ತಿದ್ತೀನಿ" ಎಂದ. ಆಮೇಲೆ ಹೇಳುತ್ತೇನೆಂದು ಕ್ಲಾಸಿಗೆ ಹೋದೆ. ಆವತ್ತಿನಿಂದ ಹುಡುಗಿ ಸ್ಕೂಲಿಗೆ ಬಂದಿಲ್ಲ.

ಗಂಗಾ, ನಾನು ಯಾರೆಂದು ಹೇಳಿಬಿಡುತ್ತೇನೆ. ಆ ಮಗುವಿನ ಎದುರು, ಎಲ್ಲರ ಎದುರು. ಆದರೆ ದೊಡ್ಡಮ್ಮನಿಗೆ ಅದು ಬೀದಿಯವರ ಬಾಯಿಂದ ತಿಳಿಯಬಾರದು, ನನ್ನಿಂದಲೂ ಮೊದಲು ಬರಬಾರದು. ನೀನು ಬರೆ. ನಾಲ್ಕೇ ಸಾಲು ಸಾಕು, ಅವಳು ಯಾರೆಂದು ನನಗೆ ಗೊತ್ತಿತ್ತು, ಕರಡಿಗೆ ಕೊಟ್ಟವಳು ನಾನು, ಅವಳು ನನ್ನ ಗೆಳತಿ ಎಂದು. ನವೆಂಬರ್ ೧೨ಕ್ಕೆ ಇನ್ಸ್‌ಪೆಕ್ಟ್ರೆಸ್ ಬರುತ್ತಾರೆ. ಅಷ್ಟರೊಳಗೆ ಬರೆ.

ಮರಿ


ಗುಂಡ್ಲುಪೇಟೆ
೯ ಅಕ್ಟೋಬರ್ ೧೯೫೫

ಪ್ರಿಯ ಮರಿ,

ಅವಸರ ಮಾಡಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ವೀಳ್ಯಶಾಸ್ತ್ರ ಆಗಿಹೋಗಿದೆ. ದೊಡ್ಡಮ್ಮನ ಮನೆಯಲ್ಲಿ ಹೀಗಾಯಿತು, ಅದಕ್ಕೆ ಕಾರಣ ನಾನು ಎಂದು ಗುರುಪಾದಸ್ವಾಮಿಗಳ ಕಿವಿಗೆ ಬಿದ್ದರೆ ಬದನಗುಪ್ಪೆಯವರು ತಟ್ಟೆ ವಾಪಸು ಕಳಿಸುತ್ತಾರೆ. ಅಪ್ಪ ಎದೆ ಒಡೆದುಕೊಳ್ಳುತ್ತಾರೆ.

ಫೆಬ್ರವರಿವರೆಗೆ ತಾಳು. ಮದುವೆಯಾದ ಮೇಲೆ ನಾನೇ ಬಂದು ದೊಡ್ಡಮ್ಮನ ಎದುರು ಕೂತು ಎಲ್ಲ ಹೇಳುತ್ತೇನೆ, ಆಣೆ. ಆ ಹುಡುಗಿಗೇನು, ಬರುವ ವರ್ಷವೂ ಕೋಲಾಟ ಇರುತ್ತದಲ್ಲ. ಒಂದು ಹುಡುಗಿ ತಾನೆ, ಮರಿ.

ಗಂಗೆ


ಗುಂಡ್ಲುಪೇಟೆ
೨೪ ನವೆಂಬರ್ ೧೯೫೫

ಮರೀ,

ಆರು ವಾರವಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಸ್ಕೂಲಿನಲ್ಲಿ ಏನೋ ಗಲಾಟೆಯಾಯಿತೆಂದು ಕಂಡಕ್ಟರ್ ನಂಜುಂಡಪ್ಪ ಹೇಳಿದ. ನೀನು ದೊಡ್ಡಮ್ಮನ ಮನೆ ಬಿಟ್ಟೆಯಂತೆ ಎಂದೂ ಅಂದ. ಎಲ್ಲಿದ್ದೀಯ? ಈ ಕಾಗದವನ್ನು ಸ್ಕೂಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ನಾನು ದೊಡ್ಡಮ್ಮನಿಗೆ ಏನೂ ಬರೆದಿಲ್ಲ, ಅವಳಿಂದಲೂ ಏನೂ ಬಂದಿಲ್ಲ. ನಿನ್ನ ಮೇಲೆ ನನಗೆ ಸ್ವಲ್ಪವೂ ಕೋಪವಿಲ್ಲ. ಒಂದು ಸಾಲು ಬರೆ.

ನಿನ್ನ
ಗಂಗೆ


ಚಾಮರಾಜನಗರ
೧೧ ಡಿಸೆಂಬರ್ ೧೯೫೫

ಕುಮಾರಿ ಗಂಗಾಂಬಿಕೆಯವರಿಗೆ,

ನಂಜುಂಡಪ್ಪ ಹೇಳಿದ್ದು ಸುಳ್ಳು ಸುದ್ದಿ. ನಾನು ನಿಮ್ಮ ದೊಡ್ಡಮ್ಮನ ಮನೆಯನ್ನು ಬಿಟ್ಟಿರಲಿಲ್ಲ. ಈ ಹೊತ್ತು ಬಿಡುತ್ತಿದ್ದೇನೆ, ಉಡಿಗಾಲದ ಸ್ಕೂಲಿಗೆ ವರ್ಗವಾಗಿದೆ.

ನವೆಂಬರ್ ಮೊದಲ ವಾರದಲ್ಲಿ ನಾನು ಪುಟ್ಟಸಿದ್ದಿಯ ಮನೆಗೆ ಹೋದೆ. ಅವಳ ಅಪ್ಪ ಅವ್ವ ಇಬ್ಬರ ಎದುರೂ, ನಾನು ಹೇಳಿದ್ದು ಸುಳ್ಳು, ಹದಿನಾರು ಜನರಲ್ಲಿ ತಾಳ ತಪ್ಪದವಳು ನೀನೊಬ್ಬಳೇ, ನಾನೂ ನಿನ್ನಂಥ ಕೇರಿಯಲ್ಲೇ ಹುಟ್ಟಿದವಳು ಎಂದೆ. ಕೊರಳಿನದನ್ನು ತೆಗೆದು ತೋರಿಸಿದೆ. ದೊಡ್ಡಮಾದಯ್ಯ ಮಗಳ ಕೈಗೆ ಕೋಲು ಕೊಡಲು ಹೋದ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು "ಬ್ಯಾಡಿ ಮಿಸ್, ನಂಗೆ ತಾಳ ಬರಕಿಲ್ಲ" ಎಂದಳು. ಎಷ್ಟು ಹೇಳಿದರೂ ಅದೊಂದೇ ಮಾತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬಹುದು ಎಂದುಕೊಂಡಿದ್ದೆ, ಆಗುವುದಿಲ್ಲ. ಇದು ನಾನು ಸಾಯುವವರೆಗೂ ನನ್ನ ಜೊತೆ ಇರುತ್ತದೆ.

೧೨ನೇ ತಾರೀಖು ಇನ್ಸ್‌ಪೆಕ್ಟ್ರೆಸ್ ಬಂದರು. ಕೋಲಾಟ ಮುಗಿದ ಮೇಲೆ ಚೆನ್ನಾಗಿತ್ತು ಎಂದರು. ಇದರಲ್ಲಿ ಆಡಬೇಕಾಗಿದ್ದವಳು ಒಬ್ಬಳು ಇಲ್ಲ ಎಂದು ಹೇಳಿದೆ. ಏಕೆ ಇಲ್ಲ ಎಂದೂ, ನಾನು ಯಾರೆಂದೂ ಹೇಳಿದೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನು ಬರೆದರೆಂದು ವರ್ಗದ ಆರ್ಡರ್ ಬಂದ ಮೇಲೆ ತಿಳಿಯಿತು.

ಅವತ್ತೇ ಸಂಜೆ ದೊಡ್ಡಮ್ಮನಿಗೂ ಹೇಳಿದೆ. ನಿಮ್ಮ ಹೆಸರು ಎತ್ತಲಿಲ್ಲ. ಕರಡಿಗೆಯ ಮುಚ್ಚಳ ತೆಗೆದು ನೆಲದ ಮೇಲಿಟ್ಟೆ. ಅವರು ಬಗ್ಗಿ ನೋಡಿದರು.

"ಒಳಗೇನೂ ಇಲ್ವಲ್ಲವ್ವಾ?"

"ಇಲ್ಲ, ದೊಡ್ಡಮ್ಮ. ಮೊದಲಿಂದ್ಲೂ ಇರಲಿಲ್ಲ."

"ಅಂಗಾರೆ ಇಷ್ಟು ತಿಂಗ್ಳು ಬರಿ ಅಂಗೈ ನೋಡ್ಕಂಡು ಕುಂತಿದ್ದಾ ಕೂಸೆ?"

ಅಷ್ಟು ಹೇಳಿ ಒಳಗೆ ಹೋದರು. ಪೂಜೆಯ ಜಾಗವನ್ನು ತೊಳೆದರು. ಮಾರನೆಯ ದಿನ ನನ್ನ ತಟ್ಟೆ ಲೋಟ ಹಿತ್ತಿಲ ಕಟ್ಟೆಯ ಮೇಲಿದ್ದವು. ಹೋಗು ಎನ್ನಲಿಲ್ಲ, ಮಾತೂ ಆಡಲಿಲ್ಲ. ಎಂಟು ದಿನ ಹಾಗೆ ಕಳೆಯಿತು.

ಒಂಬತ್ತನೆಯ ದಿನ ಅಂಚೆಯವನು ನಿಮ್ಮ ಹೆಸರು ಹೇಳಿ ಒಂದು ಕವರು ಕೊಟ್ಟ. ಅವರು ಅದನ್ನು ಹಿಡಿದುಕೊಂಡು ಎದುರುಮನೆಯ ಕಡೆ ಒಮ್ಮೆ ನೋಡಿದರು. ಆ ಮನೆಯವರು ಮಾತು ಬಿಟ್ಟಿದ್ದರು. ಕೊನೆಗೆ ನನ್ನ ಕೋಣೆಯ ಬಾಗಿಲಿಗೆ ಬಂದು, "ಗಂಗಿ ಬರ್ದವ್ಳೆ. ಓದವ್ವ" ಎಂದರು.

ಬಿಡಿಸಿದೆ. ನಿಮ್ಮ ಅಕ್ಷರ. "ಆ ಹುಡುಗಿ ನನಗೂ ಮೋಸ ಮಾಡಿದಳು, ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ, ಕರಡಿಗೆಯನ್ನು ಎಲ್ಲಿಂದ ತಂದಳೋ ಕಾಣೆ, ಇನ್ನು ಅವಳನ್ನು ಹೊಸಿಲು ಹತ್ತಿಸಬೇಡ" ಎಂದಿತ್ತು. ಮೇಲೆ ನವೆಂಬರ್ ೧೯ ಎಂದು ತಾರೀಖು. ಇದಾಗಿ ಐದು ದಿನಕ್ಕೆ, ದೊಡ್ಡಮ್ಮನಿಗೆ ಏನೂ ಬರೆದಿಲ್ಲ ಎಂದು ನನಗೆ ಬರೆದಿದ್ದೀರಿ. ನಾನು ಮನೆ ಬಿಟ್ಟಾಗಿದೆ, ಓದುವವರು ಬೇರೆ ಯಾರೋ ಎಂದುಕೊಂಡಿದ್ದಿರಿ ಎಂದು ಕಾಣುತ್ತದೆ.

ದೊಡ್ಡಮ್ಮ ಎದುರಿಗೆ ಕೂತು ಕಾಯುತ್ತಿದ್ದರು. ಓದಿದೆ. ಕೊನೆಯವರೆಗೂ ಗಟ್ಟಿಯಾಗಿ ಓದಿದೆ. "ಸರಿ" ಎಂದರು. ಮಾರನೆಯ ದಿನ ನನ್ನ ಲೋಟವನ್ನು ಒಳಗೆ ತಂದಿಟ್ಟುಕೊಂಡರು.

ಕರಡಿಗೆಯನ್ನು ನಂಜುಂಡಪ್ಪನ ಕೈಲಿ ಕಳಿಸಿದ್ದೇನೆ. ತಲುಪಿದ್ದಕ್ಕೆ ಕಾಗದ ಬೇಡ.

ಮರಿತಾಯಮ್ಮ
ಅಸಿಸ್ಟೆಂಟ್ ಟೀಚರ್


ಬದನಗುಪ್ಪೆ
೩ ಮಾರ್ಚ್ ೧೯೫೯

ಮರಿ,

ಕಾಗದ ಬೇಡವೆಂದು ನೀನು ಹೇಳಿದ್ದೆ. ಮೂರು ವರ್ಷ ಬರೆಯಲಿಲ್ಲ. ಬರೆದು ಹರಿದದ್ದಕ್ಕೆ ಲೆಕ್ಕವಿಲ್ಲ. ಹರಿದ ಒಂದೊಂದರಲ್ಲೂ, ಆ ಕಾಗದವನ್ನು ಅಪ್ಪ ಎದುರಿಗೆ ನಿಂತು ಬರೆಸಿದರು ಎಂದಿತ್ತು. ಅದು ಸುಳ್ಳು. ಗುರುಪಾದಸ್ವಾಮಿಗಳು ಅಪ್ಪನಿಗೆ ಹೇಳಿ ಕಳಿಸಿದ್ದು ನಿಜ. ಆದರೆ ನಾನು ಬರೆಯುವಾಗ ಅಪ್ಪ ಊಟ ಮಾಡಿ ಮಲಗಿದ್ದರು. ಯಾರೂ ಬರೆ ಎನ್ನಲಿಲ್ಲ. ನಾನೇ ಬರೆದೆ, ಅಕ್ಷರ ದುಂಡಗೆ ಬರಲೆಂದು ಇನ್ನೊಂದು ಸಲ ಬರೆದು ಹಾಕಿದೆ. ನಿನ್ನನ್ನು ಕಂಡರೆ ನನಗೆ ಭೇದವಿಲ್ಲ ಎಂದು ಹೆಮ್ಮೆಪಡುತ್ತಿದ್ದೆನಲ್ಲ, ಬರಿ ಕರಡಿಗೆ ಕಳಿಸಿದ ದಿನವೇ ನನ್ನ ಬಂಡವಾಳ ಬಯಲಾಗಿತ್ತು. ಅದು ನಿನಗೆ ಕಂಡಿತು, ನನಗೆ ಕಾಣಲಿಲ್ಲ.

ಮದುವೆಯಾಯಿತು. ಒಬ್ಬಳು ಮಗಳಿದ್ದಾಳೆ. ಕೆಲಸಕ್ಕೆ ಸೇರಲು ಇವರು ಬಿಡಲಿಲ್ಲ. ಅದಿರಲಿ.

ಹೋದ ವಾರ ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. ಕಣ್ಣು ಪೂರ್ತಿ ಹೋಗಿದೆ. ಎಲ್ಲ ಹೇಳಿಬಿಡಬೇಕು, ನಾನು ಬರೆದದ್ದು ಸುಳ್ಳು ಎನ್ನಬೇಕು ಎಂದು ಗಟ್ಟಿಮಾಡಿಕೊಂಡೇ ಹೋಗಿದ್ದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ನನ್ನ ಕೈ ಹಿಡಿದು ಅವಳೇ ಶುರುಮಾಡಿದಳು.

"ನೀ ಅವತ್ತು ಬರ್ದಿದ್ ಕಾಗ್ದ ನಂಗೆ ಬಾಯಿಪಾಠ ಕಣಮ್ಮಿ. ಮಗ್ಗಲುಮನೆ ಚೆಲುವಯ್ಯ, ಮಠದ ಅಯ್ಯನೋರು, ಯಾರು ಬಂದು ಏನಂದ್ರೂ ಅದ್ನೇ ಹೇಳ್ದೆ. ‘ದೊಡ್ಡಮ್ಮಾ, ಅವಳು ಯಾರೆಂದು ನನಗೆ ಮೊದಲಿನಿಂದ ಗೊತ್ತು. ಕರಡಿಗೆ ಕೊಟ್ಟವಳು ನಾನು. ಸುಳ್ಳು ಹೇಳಿಸಿದವಳು ನಾನು. ಅವಳು ನನ್ನ ಗೆಳತಿ, ಅವಳನ್ನು ಹೊರಗೆ ಹಾಕಬೇಡ.’ ಅಂಗೆ ತಾನೆ ಇದ್ದದ್ದು? ಅದ ಕೇಳ್ಸ್‌ಕಂಡ ಮ್ಯಾಲೆ ನಂಗೆ ನಾಚ್ಕೆಯಾಗೋಯ್ತು. ಸಣ್ ಹುಡುಗಿ, ಮದ್ವೆ ಮುರ್ದೋದ್ರೂ ಹೋಗ್ಲಿ ಅಂತ ಬರ್ದವ್ಳೆ, ನಾನು ಮುದುಕಿ ಒಂದು ಲೋಟಕ್ಕೆ ಹೆದರ್ಕಂಡು ಕುಂತಿವ್ನಿ ಅಂತ. ನಮ್ಮ ವಂಶದಲ್ಲಿ ಅಷ್ಟು ಧೈರ್ಯ ಇರೋಳು ನೀನೊಬ್ಳೆಯ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೀನು ಓದಿದ್ದು ನನ್ನ ಕಾಗದವನ್ನಲ್ಲ. ನಾನು ಬರೆಯದೆ ಹೋದ ಕಾಗದವನ್ನು.

ಆಗಲಾದರೂ ಹೇಳಬೇಕಿತ್ತು. ದೊಡ್ಡಮ್ಮ ನನ್ನ ತಲೆ ಸವರುತ್ತಿದ್ದಳು. ನಾನು ಹೂಂ ಎಂದೆ, ಮರಿ. ಅಂಗೆ ತಾನೆ ಇದ್ದದ್ದು ಎಂದಳಲ್ಲ, ಅದಕ್ಕೆ ಹೂಂ ಎಂದುಬಿಟ್ಟೆ. ಎರಡನೆಯ ಸಲ.

ನನ್ನನ್ನು ಉಳಿಸಲೆಂದು ನೀನು ಹಾಗೆ ಓದಿದೆ. ಅಂಥ ಮನಸ್ಸಿಗೆ ನಾನು ಮಾಡಿದ್ದು ಇದು. ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಗಂಗೆ


ಉಡಿಗಾಲ
೨೦ ಮಾರ್ಚ್ ೧೯೫೯

ಗಂಗಾ,

ನಿನ್ನ ಕಾಗದ ಬಂತು. ನೀನು ಹೂಂ ಎಂದೆ ಎಂದು ಓದಿ ನನಗೆ ಆಶ್ಚರ್ಯವಾಗಲಿಲ್ಲ. ನಿನ್ನನ್ನು ಬೈಯಲು ಕುಳಿತರೆ ನನಗೆ ನನ್ನದೇ ನೆನಪಾಗುತ್ತದೆ. ಪುಟ್ಟಸಿದ್ದಿಗೆ ಹೋದ ವೈಶಾಖದಲ್ಲಿ ಮದುವೆ ಮಾಡಿದರಂತೆ, ಹದಿಮೂರು ವರ್ಷಕ್ಕೆ. ಸ್ಕೂಲಿನ ಕಡೆ ಅವಳು ಮತ್ತೆ ಬರಲೇ ಇಲ್ಲ. ನಮ್ಮಿಬ್ಬರಿಗೂ ಅವರವರ ಪಾಲಿನದು ಇದೆ.

ದೊಡ್ಡಮ್ಮನಿಗೆ ನಿಜ ಹೇಳುವುದೂ ಬಿಡುವುದೂ ನಿನ್ನದು. ಅವರಿಗೆ ಕಣ್ಣಿಲ್ಲ, ನೀನು ಬರೆದು ಪ್ರಯೋಜನವಿಲ್ಲ. ಬಾಯಿಂದಲೇ ಹೇಳಬೇಕು.

ಒಂದು ಮಾತ್ರ ತಿದ್ದಬೇಕು. ನಿನ್ನನ್ನು ಉಳಿಸಲೆಂದು ನಾನು ಹಾಗೆ ಓದಿದೆ ಎಂದುಕೊಂಡಿದ್ದೀಯ. ಅಷ್ಟು ದೊಡ್ಡವಳಲ್ಲ ನಾನು. ಆ ಹೊತ್ತಿನಲ್ಲಿ ನಿನ್ನ ಮೇಲೆ ಇದ್ದ ಸಿಟ್ಟಿಗೆ ನಿನ್ನ ಮೂರು ಸಾಲನ್ನೂ ಬೀದಿಯಲ್ಲಿ ನಿಂತು ಓದಿಬಿಡುತ್ತಿದ್ದೆ. ಆದರೆ ದೊಡ್ಡಮ್ಮ ಕಾಯುತ್ತ ಕೂತಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ‘ಅವಳು ನನ್ನ ಗೆಳತಿ’ ಎಂದು ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳುವುದನ್ನು ಒಂದು ಸಲ ಕೇಳಬೇಕು ಎಂದು ಬಹಳ ಆಸೆಯಾಯಿತು. ಅಲ್ಲಿ ಓದು ಬಲ್ಲವಳು ನಾನೊಬ್ಬಳೇ ಇದ್ದೆ.

ಮರಿ